ಏದುಸಿರಿನ ಎರಡು ನಿಮಿಷ

2025ರ ಜನವರಿ 19. ನವದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಮೊಟ್ಟಮೊದಲ ಖೋ ಖೋ ವಿಶ್ವಕಪ್‌ನ ಮಹಿಳೆಯರ ಅಂತಿಮ ಪಂದ್ಯ ನಡೆಯಿತು. ಭಾರತ ತಂಡ ನೇಪಾಳವನ್ನು 78–40 ಅಂಕಗಳಿಂದ ಸೋಲಿಸಿ ಕಪ್ ಗೆದ್ದಿತು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿ ಎಂಬ ಗೌರವ ಸಂದದ್ದು ಬಿ. ಚೈತ್ರಾ ಅವರಿಗೆ. ಅವರ ಊರು ಯಾವುದು ಬಲ್ಲಿರಾ? ನಮ್ಮ ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕಿನ ಕುರುಬೂರು!

ಖೋ ಖೋ ಆಟವನ್ನು ಗಮನವಿಟ್ಟು ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ಅದರಲ್ಲಿ ಬೆನ್ನಟ್ಟುವ ತಂಡದವರು ಯಾರೂ ಆಟ ಮುಗಿಯುವವರೆಗೆ ಒಂದೇ ಸಮನೆ ಓಡುವುದಿಲ್ಲ. ಕುಕ್ಕರಗಾಲಿನಲ್ಲಿ ಕುಳಿತಿರುತ್ತಾರೆ. ಬೆನ್ನಿಗೆ ಕೈ ತಾಗಿ ‘ಖೋ’ ಎಂಬ ಕೂಗು ಕಿವಿಗೆ ಬಿದ್ದೊಡನೆ ಚಿಮ್ಮಿ ಏಳುತ್ತಾರೆ, ಕೆಲವು ಕ್ಷಣ ಮೈಯೆಲ್ಲ ಶಕ್ತಿ ಕೂಡಿಸಿ ಓಡುತ್ತಾರೆ, ಮತ್ತೊಬ್ಬರಿಗೆ ‘ಖೋ’ ಕೊಟ್ಟು ಕುಳಿತುಬಿಡುತ್ತಾರೆ. ಓಡು, ಕೂರು, ಏಳು, ಓಡು — ಆಟವೆಲ್ಲ ಇಷ್ಟೇ.

ಮೈದಾನಕ್ಕೆ ಕಾಲಿಡದ ಅಂಗಡಿ ಯಜಮಾನರಿಗೂ, ಗೃಹಿಣಿಯರಿಗೂ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಚಿಂತೆಯಲ್ಲಿ ಮುಳುಗಿದ ಮಕ್ಕಳಿಗೂ ಈ ‘ಖೋ ಖೋ ಕ್ರಮ’ ದಿನನಿತ್ಯದ ಬದುಕಿನಲ್ಲೇ ಒದಗೀತೆ? ದಿನಕ್ಕೆ ಮೂರು ನಾಲ್ಕು ಬಾರಿ, ಪ್ರತಿ ಬಾರಿ ಒಂದೆರಡು ನಿಮಿಷ ಮಾತ್ರ ಏದುಸಿರು ಬರುವಂತೆ ಮೈ ದಂಡಿಸಿದರೆ ಪ್ರಯೋಜನವುಂಟೆ? ಉಂಟು ಎನ್ನುತ್ತಿವೆ ಇತ್ತೀಚಿನ ಸಂಶೋಧನೆಗಳು. ಅದು ಹೇಗೆ, ಎಷ್ಟರಮಟ್ಟಿಗೆ ಎಂಬುದನ್ನು ನೋಡೋಣ.

ಕುಳಿತಲ್ಲೇ ಕಳೆಯುವ ದಿನ

ನಂಜನಗೂಡಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಪ್ಪನಿಗೆ ಪೇಟೆಯಲ್ಲಿ ಅಂಗಡಿ. ಮನೆಯಿಂದ ಅಂಗಡಿಗೆ ಅರ್ಧ ಕಿಲೋಮೀಟರ್ ಆದರೂ ಸ್ಕೂಟರ್ ಬೇಕು. ಅಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಹತ್ತು ಗಂಟೆ ಕೂರಬೇಕು. ಅಮ್ಮನಿಗೆ ನಲ್ಲಿ ನೀರು, ಗ್ಯಾಸ್ ಒಲೆ, ಮಿಕ್ಸಿ, ಗ್ರೈಂಡರ್ ಎಲ್ಲವೂ ಉಂಟು. ಹತ್ತನೆಯ ತರಗತಿಯ ಮಗ ಆಟೋದಲ್ಲಿ ಶಾಲೆಗೆ ಹೋಗುತ್ತಾನೆ. ಬೆಂಚಿನಿಂದ ಟ್ಯೂಷನ್ನಿನ ಚಾಪೆಗೆ, ಚಾಪೆಯಿಂದ ಮನೆಯ ಮೇಜಿಗೆ, ಮೇಜಿನಿಂದ ಮೊಬೈಲ್ ಹಿಡಿದು ಹಾಸಿಗೆಗೆ. ವೇಳಾಪಟ್ಟಿಯಲ್ಲಿದ್ದ ಆಟದ ಪೀರಿಯಡ್ಡು ಗಣಿತದ ಪಾಲಾಗಿದೆ. ಇಡೀ ದಿನದಲ್ಲಿ ಈ ಮೂವರಲ್ಲಿ ಯಾರಿಗೂ ಒಮ್ಮೆಯೂ ಏದುಸಿರು ಬರಲಿಲ್ಲ!

ಅದೇ ಮನೆಯ ಅಜ್ಜಿಯನ್ನು ಕೇಳಿ. ಹೊಳೆಯಿಂದ ಕೊಡ ಹೊತ್ತು ಮೆಟ್ಟಿಲು ಹತ್ತಿದ್ದು, ಬಾವಿಯಿಂದ ನೀರು ಸೇದಿದ್ದು, ಒರಳಿನಲ್ಲಿ ರುಬ್ಬಿದ್ದು, ಸೌದೆ ಒಡೆದದ್ದು ಎಲ್ಲವನ್ನೂ ಹೇಳುತ್ತಾರೆ. ‘ಆ ಕಾಲವೇ ಚೆನ್ನಾಗಿತ್ತು’ ಎನ್ನಲು ಇದನ್ನು ಹೇಳುತ್ತಿಲ್ಲ. ಆ ದುಡಿಮೆಯಲ್ಲಿ ಸವೆದುಹೋದ ಹೆಂಗಸರ ಸೊಂಟ, ಮೊಣಕಾಲುಗಳ ಲೆಕ್ಕ ಯಾರೂ ಇಟ್ಟಿಲ್ಲ. ಒರಳುಕಲ್ಲು ಮರಳಿ ಬರಬೇಕಾಗಿಲ್ಲ. ಆದರೆ ದಿನಕ್ಕೆ ಹತ್ತಾರು ಸಲ ತಾನಾಗಿ ಬರುತ್ತಿದ್ದ ಏದುಸಿರು ಒರಳಿನ ಜೊತೆಗೇ ಮನೆಯಿಂದ ಹೊರಟುಹೋಯಿತು ಎಂಬುದು ಮಾತ್ರ ನಿಜ.

ಇದರ ಪರಿಣಾಮ ಅಂಕಿ ಅಂಶಗಳಲ್ಲಿ ಕಾಣುತ್ತದೆ. 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ದೈಹಿಕ ಚಟುವಟಿಕೆ ಸಾಲದಾಗಿತ್ತು ಎಂದು 2024ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನ ತಿಳಿಸಿತು. ಅದರಲ್ಲೂ ಹೆಂಗಸರ ಪಾಲು ಹೆಚ್ಚು. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಹೊರಬಂದ ಸಮೀಕ್ಷೆಯ ಅಂದಾಜು. 2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಎಳೆಯ ವಯಸ್ಸಿನವರ ಹೃದಯಾಘಾತದ ಸುದ್ದಿ ಹಬ್ಬಿದಾಗ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿ ನಿಂತಿದ್ದರು. ಭಯ ಸಹಜವೇ. ಆದರೆ ಹೃದಯವನ್ನು ತೋರಿಸಲು ಸಾಲಿನಲ್ಲಿ ನಿಂತಷ್ಟೇ ಶ್ರದ್ಧೆಯಿಂದ ಅದನ್ನು ದಿನವೂ ದುಡಿಸುವವರು ಎಷ್ಟು ಮಂದಿ?

ಕೆಲಸ ಒಂದೇ, ಸಾಮರ್ಥ್ಯ ಬೇರೆ

‘ಒಂದೆರಡು ನಿಮಿಷ ಮೆಟ್ಟಿಲು ಹತ್ತಿದರೆ ಏನು ಮಹಾ ಕರಗೀತು?’ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕಿಯೇ ನೋಡೋಣ.

45 ಕಿಲೋಗ್ರಾಂ ತೂಕದ ವಿದ್ಯಾರ್ಥಿಯೊಬ್ಬ 15 ಸೆಂಟಿಮೀಟರ್ ಎತ್ತರದ 20 ಮೆಟ್ಟಿಲು ಹತ್ತುತ್ತಾನೆ ಎನ್ನಿ. ಒಟ್ಟು ಎತ್ತರ 3 ಮೀಟರ್. ಗುರುತ್ವದ ವಿರುದ್ಧ ಅವನು ಮಾಡಿದ ಕೆಲಸ 45 × 9.8 × 3, ಅಂದರೆ 1323 ಜೂಲ್. ಮಾಂಸಖಂಡಗಳು ತಾವು ಬಳಸುವ ಆಹಾರಶಕ್ತಿಯ ಸುಮಾರು ಕಾಲು ಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತವೆ, ಉಳಿದದ್ದು ಶಾಖವಾಗುತ್ತದೆ. ಆದ್ದರಿಂದ ಖರ್ಚಾದ ಶಕ್ತಿ ಸುಮಾರು 5300 ಜೂಲ್. ಇದು ಒಂದೂಕಾಲು ಕಿಲೋಕ್ಯಾಲರಿ ಆಯಿತು. ಒಂದು ಚಮಚ, ಅಂದರೆ 5 ಗ್ರಾಂ ಸಕ್ಕರೆಯಲ್ಲಿ 20 ಕಿಲೋಕ್ಯಾಲರಿ ಇರುತ್ತದೆ. ಕಾಫಿಗೆ ಹಾಕಿದ ಆ ಒಂದು ಚಮಚ ಸಕ್ಕರೆಯನ್ನು ಖರ್ಚು ಮಾಡಲು ಅವನು 16 ಬಾರಿ ಮಹಡಿ ಹತ್ತಬೇಕು!

ಹಾಗಾದರೆ ಮೆಟ್ಟಿಲು ಹತ್ತಿ ಫಲವೇನು? ಇಲ್ಲಿಯೇ ಇರುವುದು ವಿಷಯದ ತಿರುಳು. ಅದೇ ವಿದ್ಯಾರ್ಥಿ ಆ 20 ಮೆಟ್ಟಿಲುಗಳನ್ನು 20 ಸೆಕೆಂಡಿನಲ್ಲಿ ಹತ್ತಿದರೆ ಅವನ ಸಾಮರ್ಥ್ಯ ಸುಮಾರು 66 ವ್ಯಾಟ್. ಅವನ್ನೇ 8 ಸೆಕೆಂಡಿನಲ್ಲಿ ಹತ್ತಿದರೆ 165 ವ್ಯಾಟ್. ಕೆಲಸ ಎರಡು ಸಲವೂ ಒಂದೇ; ಕರಗಿದ ಕ್ಯಾಲರಿಯೂ ಹೆಚ್ಚುಕಡಿಮೆ ಒಂದೇ. ಆದರೆ ಸಾಮರ್ಥ್ಯ ಎರಡೂವರೆ ಪಟ್ಟು. ಭೌತಶಾಸ್ತ್ರದ ಪಾಠದಲ್ಲಿ ಕೆಲಸಕ್ಕೂ ಸಾಮರ್ಥ್ಯಕ್ಕೂ ಇರುವ ವ್ಯತ್ಯಾಸವನ್ನು ಬಾಯಿಪಾಠ ಮಾಡುವ ಮಕ್ಕಳು ಅದನ್ನು ಎದೆಯಲ್ಲೇ ಅನುಭವಿಸಬಹುದು. ಡವಡವ ಎನ್ನುವ ಹೃದಯ ಲೆಕ್ಕಕ್ಕೆ ತೆಗೆದುಕೊಳ್ಳುವುದು ಎಷ್ಟು ಕೆಲಸವಾಯಿತು ಎಂಬುದನ್ನಲ್ಲ, ಎಷ್ಟು ಬೇಗ ಆಯಿತು ಎಂಬುದನ್ನು.

ಮೈಯೊಳಗೆ ನಡೆಯುವುದೇನು?

ಮಾಂಸಖಂಡದ ಪ್ರತಿಯೊಂದು ಚಲನೆಗೂ ಎಟಿಪಿ ಎಂಬ ರಾಸಾಯನಿಕ ಬೇಕು. ಇದು ಜೀವಕೋಶದ ಕೈಯಲ್ಲಿರುವ ಚಿಲ್ಲರೆ ಕಾಸಿದ್ದಂತೆ. ದಾಸ್ತಾನು ತೀರಾ ಕಡಿಮೆ. ಜೋರಾಗಿ ಓಡಿದರೆ ಎರಡು ಮೂರು ಸೆಕೆಂಡಿಗೆ ಮುಗಿಯುತ್ತದೆ. ಆಗ ಕ್ರಿಯಾಟಿನ್ ಫಾಸ್ಫೇಟ್ ಎಂಬ ಇನ್ನೊಂದು ಸಂಗ್ರಹ ನೆರವಿಗೆ ಬಂದು ಸುಮಾರು ಹತ್ತು ಸೆಕೆಂಡು ತಳ್ಳುತ್ತದೆ. ಅದರ ಹಿಂದೆಯೇ ಗ್ಲೂಕೋಸ್ ಆಮ್ಲಜನಕದ ಸಹಾಯವಿಲ್ಲದೆ ಒಡೆದು ಎಟಿಪಿ ಒದಗಿಸುತ್ತದೆ. ಉಸಿರಾಟ ಮತ್ತು ರಕ್ತಪರಿಚಲನೆ ಚುರುಕಾಗಿ ಸಾಕಷ್ಟು ಆಮ್ಲಜನಕ ಬಂದು ಮುಟ್ಟಲು ಎರಡು ಮೂರು ನಿಮಿಷವಾದರೂ ಬೇಕು. ಮಹಡಿ ಹತ್ತಿ ನಿಂತ ಮೇಲೂ ಸ್ವಲ್ಪ ಹೊತ್ತು ಏದುಸಿರು ಬಿಡುವುದೇಕೆ? ಆ ಮಧ್ಯೆ ಮಾಡಿದ ‘ಆಮ್ಲಜನಕದ ಸಾಲ’ವನ್ನು ತೀರಿಸಲಿಕ್ಕೆ.

ವಿಶ್ರಾಂತಿಯಲ್ಲಿರುವಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹಾಯಿಸುತ್ತದೆ. ಮೈ ಬಗ್ಗಿಸಿ ದುಡಿದಾಗ ಆರೋಗ್ಯವಂತ ವಯಸ್ಕನ ಹೃದಯ 20 ಲೀಟರಿನವರೆಗೂ ಹಾಯಿಸಬಲ್ಲದು. ದಿನವೂ ಕೆಲವು ಸಲ ಇಂತಹ ತುರ್ತುಕರೆ ಬರುತ್ತಿದ್ದರೆ ದೇಹ ಅದಕ್ಕೆ ತಕ್ಕಂತೆ ಸಿದ್ಧವಾಗುತ್ತದೆ. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುವುದನ್ನು ಕಲಿಯುತ್ತದೆ. ಮಾಂಸಖಂಡಗಳಲ್ಲಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾಗಳು ಹೆಚ್ಚುತ್ತವೆ. ಇನ್ನೂ ಒಂದು ಮುಖ್ಯ ಸಂಗತಿ. ರಕ್ತದಲ್ಲಿರುವ ಗ್ಲೂಕೋಸ್ ಮಾಂಸಖಂಡದೊಳಗೆ ಹೋಗಲು ಸಾಮಾನ್ಯವಾಗಿ ಇನ್ಸುಲಿನ್ ಎಂಬ ಹಾರ್ಮೋನು ಬಾಗಿಲು ತೆರೆಯಬೇಕು. ಆದರೆ ದುಡಿಯುತ್ತಿರುವ ಮಾಂಸಖಂಡ ಇನ್ಸುಲಿನ್ನಿಗೆ ಕಾಯದೆ ತಾನೇ ಬಾಗಿಲು ತೆರೆದುಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರಿಗೆ ವೈದ್ಯರು ‘ಮೈ ಅಲ್ಲಾಡಿಸಿ’ ಎನ್ನುವುದಕ್ಕೆ ಇದೂ ಒಂದು ಕಾರಣ.

ಲಂಡನ್ನಿನ ಬಸ್ಸಿನಿಂದ ಮಣಿಕಟ್ಟಿನ ಯಂತ್ರದವರೆಗೆ

ಈ ವಿಚಾರದ ಕಥೆ ಬಸ್ಸಿನಲ್ಲಿ ಶುರುವಾಯಿತು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಚಾಲಕರು ಮತ್ತು ನಿರ್ವಾಹಕರ ಆರೋಗ್ಯವನ್ನು ಜೆರ್ರಿ ಮಾರಿಸ್ ಎಂಬ ವೈದ್ಯವಿಜ್ಞಾನಿ ಹೋಲಿಸಿ ನೋಡಿದರು. ಇಬ್ಬರೂ ಅದೇ ಬಸ್ಸಿನವರು. ಆದರೆ ಚಾಲಕ ಇಡೀ ದಿನ ಕೂರುವವನು, ನಿರ್ವಾಹಕ ಟಿಕೆಟ್ ಹರಿಯುತ್ತ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುವವನು. ನಿರ್ವಾಹಕರಲ್ಲಿ ಹೃದ್ರೋಗ ಸ್ಪಷ್ಟವಾಗಿ ಕಡಿಮೆ ಇತ್ತು. 1953ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮಾರಿಸ್ ಅಷ್ಟಕ್ಕೇ ತೃಪ್ತರಾಗಲಿಲ್ಲ. ಅವರ ತಂಡ ಸಿಬ್ಬಂದಿಯ ಸಮವಸ್ತ್ರದ ಅಳತೆಗಳನ್ನು ತರಿಸಿ ನೋಡಿತು. ಕೆಲಸಕ್ಕೆ ಸೇರುವಾಗಲೇ ಚಾಲಕರ ಸೊಂಟದ ಸುತ್ತಳತೆ ಹೆಚ್ಚಾಗಿತ್ತು! ಅಂದರೆ ವ್ಯತ್ಯಾಸವೆಲ್ಲ ಮೆಟ್ಟಿಲಿನ ಪುಣ್ಯವೇ ಆಗಿರಲಾರದು. 1956ರಲ್ಲಿ ಅದನ್ನೂ ಮುಚ್ಚಿಡದೆ ಪ್ರಕಟಿಸಿದರು. ತನ್ನ ಫಲಿತಾಂಶವನ್ನು ತಾನೇ ಅನುಮಾನಿಸುವುದು ವಿಜ್ಞಾನದ ರೀತಿ. ವಿದ್ಯಾರ್ಥಿಗಳು ಇದನ್ನು ಮರೆಯಬಾರದು.

2019ರಲ್ಲಿ ಕೆನಡಾದ ಸಂಶೋಧಕರು ನೇರ ಪ್ರಯೋಗವನ್ನೇ ಮಾಡಿದರು. ವ್ಯಾಯಾಮದ ಅಭ್ಯಾಸವಿಲ್ಲದ ಯುವಕ ಯುವತಿಯರಲ್ಲಿ ಒಂದು ಗುಂಪಿನವರು 60 ಮೆಟ್ಟಿಲುಗಳನ್ನು ಬಿರುಸಾಗಿ ಹತ್ತಬೇಕು. ಹೀಗೆ ದಿನಕ್ಕೆ ಮೂರು ಬಾರಿ, ನಡುವೆ ಕೆಲವು ಗಂಟೆಗಳ ಬಿಡುವು. ವಾರಕ್ಕೆ ಮೂರು ದಿನ. ಆರು ವಾರಗಳ ನಂತರ ಅವರ ಹೃದಯ–ಶ್ವಾಸಕೋಶಗಳ ಸಾಮರ್ಥ್ಯ ಸುಮಾರು ಶೇ. 5ರಷ್ಟು ಏರಿತ್ತು. ಲಾಭ ಸಣ್ಣದೇ, ಆದರೆ ತೆತ್ತ ಸಮಯವೂ ಅಷ್ಟೇ ಸಣ್ಣದು.

2022ರ ಡಿಸೆಂಬರಿನಲ್ಲಿ ಸಿಡ್ನಿಯ ಎಮ್ಯಾನುಯೆಲ್ ಸ್ಟಮಟಾಕಿಸ್ ಮತ್ತು ಸಂಗಡಿಗರು ಇನ್ನೂ ದೊಡ್ಡ ಅಧ್ಯಯನವನ್ನು ಪ್ರಕಟಿಸಿದರು. ಬ್ರಿಟನ್ನಿನಲ್ಲಿ ಬಿಡುವಿನ ವೇಳೆಯಲ್ಲಿ ಯಾವ ವ್ಯಾಯಾಮವನ್ನೂ ಮಾಡದ 25,241 ಮಂದಿಯ ಮಣಿಕಟ್ಟಿಗೆ ಚಲನೆ ಅಳೆಯುವ ಯಂತ್ರ ಕಟ್ಟಿ ಪಡೆದ ದಾಖಲೆಯದು. ಅವರ ಸರಾಸರಿ ವಯಸ್ಸು 62ರ ಹತ್ತಿರ. ಬಸ್ಸು ಹಿಡಿಯಲು ಓಡುವುದು, ಭಾರದ ಚೀಲ ಹೊರುವುದು, ಏರು ಹತ್ತುವುದು ಮುಂತಾದ ಒಂದೆರಡು ನಿಮಿಷದ ಬಿರುಸಿನ ಚಟುವಟಿಕೆ ದಿನಕ್ಕೆ ಮೂರು ಬಾರಿ ಇದ್ದವರನ್ನು, ಅದು ಸ್ವಲ್ಪವೂ ಇಲ್ಲದವರ ಜೊತೆ ಹೋಲಿಸಲಾಯಿತು. ಸುಮಾರು ಏಳು ವರ್ಷಗಳ ಅವಧಿಯಲ್ಲಿ ಮೊದಲಿನವರಲ್ಲಿ ಸಾವಿನ ಸಂಭವ ಶೇ. 38ರಿಂದ 40ರಷ್ಟು ಕಡಿಮೆ ಇತ್ತು. ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ ಸಾಯುವ ಸಂಭವ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು.

ಇಲ್ಲಿಯೂ ಮಾರಿಸ್ ಕಲಿಸಿದ ಅನುಮಾನ ಬೇಕು. ಮೊದಲೇ ಆರೋಗ್ಯವಂತರಾದವರು ಹೆಚ್ಚು ಬಿರುಸಾಗಿ ಓಡಾಡುತ್ತಿರಬಹುದು. ಸಂಶೋಧಕರು ವಯಸ್ಸು, ಧೂಮಪಾನ ಮುಂತಾದವುಗಳನ್ನು ಲೆಕ್ಕಕ್ಕೆ ಹಿಡಿದಿದ್ದರೂ, ಇದು ಗಮನಿಸಿ ಬರೆದ ದಾಖಲೆಯೇ ಹೊರತು ಪ್ರಯೋಗವಲ್ಲ. ಆದರೆ ಬಸ್ಸಿನ ದಾಖಲೆ, ಮೆಟ್ಟಿಲಿನ ಪ್ರಯೋಗ, ಮಣಿಕಟ್ಟಿನ ಯಂತ್ರ ಮೂರೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತಿರುವುದನ್ನು ಅಲ್ಲಗಳೆಯುವಂತಿಲ್ಲ. ಕನಿಷ್ಠ ಹತ್ತು ನಿಮಿಷ ಒಂದೇ ಸಮನೆ ಮಾಡಿದರೆ ಮಾತ್ರ ವ್ಯಾಯಾಮ ಎಂಬ ಹಳೆಯ ಷರತ್ತನ್ನು ವಿಶ್ವ ಆರೋಗ್ಯ ಸಂಸ್ಥೆಯೂ 2020ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿತು.

ಮನೆಯಂಗಳದಲ್ಲೇ ವ್ಯಾಯಾಮಶಾಲೆ

ಬಿರುಸು ಎಂದರೆ ಎಷ್ಟು? ಇದಕ್ಕೆ ಯಂತ್ರ ಬೇಕಿಲ್ಲ. ಮಾತನಾಡಲು ಬರುತ್ತದೆ, ಹಾಡಲು ಬರುವುದಿಲ್ಲ ಎಂದರೆ ಅದು ಮಧ್ಯಮ ಶ್ರಮ. ಮೂರು ನಾಲ್ಕು ಪದಕ್ಕೊಮ್ಮೆ ಮಾತು ನಿಲ್ಲಿಸಿ ಉಸಿರು ಎಳೆದುಕೊಳ್ಳಬೇಕು ಎಂದರೆ ಅದು ಬಿರುಸಿನ ಶ್ರಮ. ಅಪ್ಪನಿಗೆ ವೇಗದ ನಡಿಗೆಯೇ ಬಿರುಸಾಗಬಹುದು, ಮಗನಿಗೆ ಓಟವೇ ಬೇಕಾಗಬಹುದು. ಅಳತೆಗೋಲು ಅವರವರ ಉಸಿರು.

ಆಮೇಲೆ ಅವಕಾಶಗಳಿಗೇನೂ ಕೊರತೆಯಿಲ್ಲ. ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದರ್ಶನಕ್ಕೆ ಮುನ್ನ ಕಪಿಲೆಯಲ್ಲಿ ಮಿಂದವರು ಸ್ನಾನಘಟ್ಟದ ಮೆಟ್ಟಿಲುಗಳನ್ನು ಒದ್ದೆ ಜಾಗ ತಪ್ಪಿಸಿ ತುಸು ಚುರುಕಾಗಿ ಹತ್ತಬಹುದು. ಟಿ. ನರಸೀಪುರದಿಂದ ತಿರುಮಕೂಡಲಿಗೆ ಸೈಕಲ್ಲಿನಲ್ಲಿ ಹೋಗುವವರು ಏರು ಬಂದಾಗ ಸೀಟಿನಿಂದ ಎದ್ದು ತುಳಿಯಬಹುದು. 2006–07ರಲ್ಲಿ ಶುರುವಾದ ಸರ್ಕಾರಿ ಯೋಜನೆಯಲ್ಲಿ ಎಂಟನೆಯ ತರಗತಿಗೆ ಸಿಕ್ಕ ಸೈಕಲ್ಲು ಮನೆಯ ಮೂಲೆಯಲ್ಲಿ ತುಕ್ಕು ಹಿಡಿದಿದ್ದರೆ, ಅದಕ್ಕೆ ಎಣ್ಣೆ ಬಿಡಲು ಇದು ಸಕಾಲ. ಮುಡುಕುತೊರೆ ಬೆಟ್ಟಕ್ಕೆ ಹೋದಾಗ ವಾಹನ ಕೆಳಗೇ ನಿಲ್ಲಿಸಿ ಮೆಟ್ಟಿಲು ಹಿಡಿಯಬಹುದು.

ಮನೆಯಲ್ಲಿಯೇ ಆದರೆ ಸಂತೆಯ ಚೀಲವನ್ನು ಎರಡೂ ಕೈಗೆ ಸಮನಾಗಿ ಹಂಚಿಕೊಂಡು ಬೇಗ ಬೇಗ ನಡೆದು ಬರುವುದು, ತಾರಸಿಯ ಮೇಲೆ ಬಟ್ಟೆ ಹರವಲು ಹೋಗುವಾಗ ಮೆಟ್ಟಿಲುಗಳನ್ನು ಚುರುಕಾಗಿ ಏರುವುದು, ಅಂಗಳವನ್ನು ಜೋರಾಗಿ ಗುಡಿಸುವುದು. ಹಸುವಿನ ಮನೆಗಳಲ್ಲಿ ಹುಲ್ಲಿನ ಹೊರೆ ತರುವ ಸರದಿ ಮಗನಿಗೂ ಬರಲಿ. ಅಮ್ಮನೊಬ್ಬಳ ಪಾಲಿಗೇ ಏಕೆ? ಹೊಸದಾಗಿ ಸಮಯ ಹುಡುಕಬೇಕಾಗಿಲ್ಲ. ಹೇಗೂ ಮಾಡುವ ಕೆಲಸವನ್ನೇ ಒಂದು ನಿಮಿಷ ಬಿರುಸಾಗಿಸಿದರೆ ಸಾಕು.

ತೇರಿನ ಹಗ್ಗದ ಪಾಠ

ಇಷ್ಟು ಓದಿದ ಉತ್ಸಾಹದಲ್ಲಿ ವರ್ಷಗಟ್ಟಲೆ ಕುಳಿತೇ ಇದ್ದವರು ನಾಳೆಯೇ ಓಡಲು ಹೊರಡಬಾರದು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಹೊರಡುತ್ತವೆ. ನಿಂತ ತೇರನ್ನು ಕದಲಿಸಲು ಬೇಕಾಗುವ ಬಲ, ಉರುಳುತ್ತಿರುವ ತೇರನ್ನು ಎಳೆಯಲು ಬೇಕಾಗುವ ಬಲಕ್ಕಿಂತ ಬಹಳ ಹೆಚ್ಚು. ದೇಹದ ವಿಷಯದಲ್ಲೂ ಹಾಗೆಯೇ. ಕುಳಿತು ಕುಳಿತು ಜಡವಾದ ಮೈಗೆ ಮೊದಲ ಎಳೆತವೇ ಕಷ್ಟ.

1993ರಲ್ಲಿ ಅಮೆರಿಕದ ಒಂದು ಅಧ್ಯಯನ ಇದನ್ನು ಲೆಕ್ಕದಲ್ಲಿ ತೋರಿಸಿತು. ಭಾರಿ ಶ್ರಮದ ನಂತರದ ಒಂದು ಗಂಟೆಯಲ್ಲಿ ಹೃದಯಾಘಾತದ ಅಪಾಯ ತಾತ್ಕಾಲಿಕವಾಗಿ ಏರುತ್ತದೆ. ವಾರಕ್ಕೆ ಐದು ಅಥವಾ ಹೆಚ್ಚು ಬಾರಿ ಶ್ರಮಪಡುವ ರೂಢಿಯವರಲ್ಲಿ ಈ ಏರಿಕೆ ಕೇವಲ 2.4 ಪಟ್ಟು. ವಾರಕ್ಕೊಮ್ಮೆಯೂ ಶ್ರಮಪಡದವರಲ್ಲಿ ಅದು 107 ಪಟ್ಟು! ಒಬ್ಬೊಬ್ಬ ವ್ಯಕ್ತಿಗೆ ಆ ಒಂದು ಗಂಟೆಯ ಅಪಾಯ ಚಿಕ್ಕದೇ ಆದರೂ, ಪಾಠ ಮಾತ್ರ ಸ್ಪಷ್ಟ. ಅಪಾಯ ಇರುವುದು ಶ್ರಮದಲ್ಲಿ ಅಲ್ಲ, ರೂಢಿ ತಪ್ಪಿದ ಶ್ರಮದಲ್ಲಿ. ವರ್ಷಕ್ಕೊಮ್ಮೆ ಮೈಮರೆತು ಹಗ್ಗ ಎಳೆಯುವುದಕ್ಕಿಂತ ದಿನವೂ ಒಂದಿಷ್ಟು ಎಳೆಯುವುದು ಕ್ಷೇಮ.

ಆದ್ದರಿಂದ ಮೊದಲ ಎರಡು ವಾರ ಬರೀ ವೇಗದ ನಡಿಗೆ, ಅನಂತರ ಅರ್ಧ ನಿಮಿಷದ ಬಿರುಸು, ಆಮೇಲೆ ಒಂದು ನಿಮಿಷ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು, ಬೀಡಿ ಸಿಗರೇಟು ಸೇದುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ಶ್ರಮದ ನಡುವೆ ಎದೆಯಲ್ಲಿ ನೋವು ಅಥವಾ ಬಿಗಿತ, ದವಡೆ ಇಲ್ಲವೆ ಎಡತೋಳಿಗೆ ಹರಿಯುವ ನೋವು, ತಲೆಸುತ್ತು ಕಂಡರೆ ತಕ್ಷಣ ನಿಲ್ಲಿಸಬೇಕು. ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿದು ಮಲಗದೆ ಆಸ್ಪತ್ರೆಗೆ ಹೋಗಬೇಕು.

ಪರೀಕ್ಷೆಯ ವರ್ಷ

‘ಈ ವರ್ಷ ಎಸ್ಸೆಸ್ಸೆಲ್ಸಿ, ಆಟ ಗೀಟ ಎಲ್ಲ ಮುಂದಿನ ವರ್ಷ’ — ಈ ಮಾತು ಕೇಳದ ಮನೆಯುಂಟೆ? ಎಸ್ಸೆಸ್ಸೆಲ್ಸಿ ಮುಗಿದರೆ ಪಿಯುಸಿ, ಅದಾದರೆ ಸಿಇಟಿ, ನೀಟ್. ಆ ‘ಮುಂದಿನ ವರ್ಷ’ ಬರುವುದೇ ಇಲ್ಲ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ, ವಾರದಲ್ಲಿ ಮೂರು ದಿನವಾದರೂ ಬಿರುಸಿನ ಆಟ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎರಡು ನಿಮಿಷದ ಬಿರುಸು ಈ ಒಂದು ಗಂಟೆಯ ಆಟಕ್ಕೆ ಬದಲಿಯಲ್ಲ ಎಂಬುದನ್ನು ಹೆತ್ತವರು ನೆನಪಿಡಬೇಕು. ಆದರೆ ಓದಿನ ನಡುವೆ ಅದು ಒಳ್ಳೆಯ ಜೊತೆಗಾರ.

ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ತರಗತಿಯಲ್ಲೇ ನಾಲ್ಕು ನಿಮಿಷ ಬಿರುಸಾಗಿ ಕುಣಿದು ಕುಪ್ಪಳಿಸುವ ಬಿಡುವು ಕೊಟ್ಟು ನೋಡಿದರು. ಬಿಡುವಿನ ನಂತರದ ಪಾಠದಲ್ಲಿ ಮಕ್ಕಳು ಚಡಪಡಿಸುವುದು, ಗಮನ ಬೇರೆಡೆ ಹರಿಸುವುದು ಕಡಿಮೆಯಾಯಿತು. ಪುಸ್ತಕದ ಮುಂದೆ ಮೂರು ಗಂಟೆ ತೂಕಡಿಸುವುದಕ್ಕಿಂತ, 45 ನಿಮಿಷಕ್ಕೊಮ್ಮೆ ಎದ್ದು ತಾರಸಿಗೆ ಓಡಿಹೋಗಿ ಬಂದು ಕೂರುವುದು ಲೇಸಲ್ಲವೆ? ಮಗ ಕುರ್ಚಿ ಬಿಟ್ಟು ಎದ್ದಾಗ ‘ಓದು ಬಿಟ್ಟು ಎಲ್ಲಿಗೋ?’ ಎಂದು ಗದರಿಸುವ ಬದಲು ಅಪ್ಪನೂ ಜೊತೆಗೆ ಏಳಲಿ. ಇಬ್ಬರಲ್ಲಿ ಅದರ ಅಗತ್ಯ ಹೆಚ್ಚು ಇರುವುದು ಅಪ್ಪನಿಗೇ.

ಮಾಡಿ ನೋಡಿ

ಬೇಕಾದದ್ದು: ಸೆಕೆಂಡು ಮುಳ್ಳಿನ ಗಡಿಯಾರ, 20 ಮೆಟ್ಟಿಲು, ಒಂದು ನೋಟ್‌ಬುಕ್.

1. ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಇದು ವಿಶ್ರಾಂತಿಯ ನಾಡಿಬಡಿತ.

2. ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತಿ, ತಕ್ಷಣ ನಾಡಿ ಎಣಿಸಿ. ಐದು ನಿಮಿಷ ಸುಧಾರಿಸಿಕೊಳ್ಳಿ.

3. ಅದೇ ಮೆಟ್ಟಿಲುಗಳನ್ನು ಚುರುಕಾಗಿ, ಕೈಪಿಡಿಯ ಪಕ್ಕದಲ್ಲೇ ಹತ್ತಿ. ತಕ್ಷಣ ಒಮ್ಮೆ, ಒಂದು ನಿಮಿಷದ ನಂತರ ಮತ್ತೊಮ್ಮೆ ನಾಡಿ ಎಣಿಸಿ.

4. ನಿಮ್ಮ ತೂಕ, ಮೆಟ್ಟಿಲಿನ ಒಟ್ಟು ಎತ್ತರ ಮತ್ತು ಹತ್ತಲು ಹಿಡಿದ ಸಮಯದಿಂದ ಎರಡೂ ಬಾರಿಯ ಕೆಲಸ ಹಾಗೂ ಸಾಮರ್ಥ್ಯ ಕಂಡುಹಿಡಿಯಿರಿ.

ವಾರಕ್ಕೊಮ್ಮೆ ಇದನ್ನು ಬರೆದಿಡಿ. ದಿನವೂ ಮೂರು ನಾಲ್ಕು ಬಾರಿ ಬಿರುಸಿನ ಅಭ್ಯಾಸ ನಡೆಸಿದರೆ, ಆರು ವಾರಗಳಲ್ಲಿ ಕೊನೆಯ ಅಂಕಿ — ಒಂದು ನಿಮಿಷದ ನಂತರದ ನಾಡಿ — ಎತ್ತ ಸಾಗಿತೆಂದು ನೋಡಿ. ಶ್ರಮದ ನಂತರ ನಾಡಿ ಬೇಗ ಇಳಿಯುವುದು ಹೃದಯ ಪಳಗುತ್ತಿರುವುದರ ಲಕ್ಷಣ.

ಖೋ ಖೋ ಆಟದಲ್ಲಿ ಕುಳಿತವರು ತಾವಾಗಿ ಏಳುವಂತಿಲ್ಲ. ಬೆನ್ನಹಿಂದೆ ಬಂದು ‘ಖೋ’ ಎನ್ನಲು ಒಬ್ಬರು ಬೇಕು. ಮನೆಯಲ್ಲಿ ಆ ಕೆಲಸವನ್ನು ಮಗಳು ಅಪ್ಪನಿಗೆ ಮಾಡಲಿ, ಅಮ್ಮ ಮಗನಿಗೆ ಮಾಡಲಿ. ಎದ್ದವರು ಎರಡೇ ನಿಮಿಷ ಏದುಸಿರು ಬಿಟ್ಟು ಮತ್ತೆ ಬಂದು ಕುಳಿತುಕೊಳ್ಳಲಿ.